ಉಯಿಲಿನಲ್ಲಿ ಉಳಿದ ಮನೆತನ

ಮನುಷ್ಯನು ಬದುಕಿರುವಾಗ ಬಾಯಿಬಿಟ್ಟು ಆಡದ ಎಷ್ಟೋ ಮಾತುಗಳನ್ನು ಅವನ ಉಯಿಲು ಆಡುತ್ತದೆ. ಯಾವ ಮಗನಲ್ಲಿ ವಿಶ್ವಾಸ, ಯಾವ ಮಗಳ ಮೇಲೆ ಕನಿಕರ, ತನ್ನ ಅನಂತರ ಹೆಂಡತಿಯ ಗತಿಯೇನೆಂಬ ಕಳವಳ ಎಷ್ಟು, ಇವೆಲ್ಲವೂ ಆ ಒಂದೆರಡು ಹಾಳೆಗಳಲ್ಲಿ ಅಡಗಿರುತ್ತವೆ. ಆಸ್ತಿಯನ್ನು ಹಂಚಲೆಂದು ಹುಟ್ಟಿದ ಕಾಗದವು ಆ ಆಸ್ತಿಯೆಲ್ಲ ಕೈ ಬದಲಾಯಿಸಿ ಹೋದ ಮೇಲೆ ಮತ್ತೊಂದು ಕೆಲಸಕ್ಕೆ ಒದಗುವುದುಂಟು. ಎರಡು ಮೂರು ಶತಮಾನಗಳ ಅನಂತರ ಹುಟ್ಟಿದವರು ತಮ್ಮ ಮೂಲವನ್ನು ಅರಸಿ ಹೊರಟಾಗ ಅದೇ ಅವರ ಕೈದೀವಿಗೆಯಾಗುತ್ತದೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ತಮ್ಮನ್ನು ಜರ್ಮನ್ ಮೂಲದವರೆಂದು ಹೇಳಿಕೊಳ್ಳುವವರ ಸಂಖ್ಯೆ ಇಂದು ನಾಲ್ಕು ಕೋಟಿಯನ್ನು ಮೀರಿದೆ. ಇವರಲ್ಲಿ ಅನೇಕರ ಹಿರಿಯರು ಹದಿನೆಂಟನೆಯ ಶತಮಾನದಲ್ಲಿಯೇ ಸಮುದ್ರ ದಾಟಿ ಬಂದವರು. ಇಂಥ ಮನೆಗಳಲ್ಲಿ ಮೂಲಪುರುಷನ ಬಗ್ಗೆ ಒಂದಲ್ಲ ಒಂದು ಕಥೆ ಇದ್ದೇ ಇರುತ್ತದೆ. ಮೂವರು ಅಣ್ಣತಮ್ಮಂದಿರು ಒಂದೇ ಹಡಗಿನಲ್ಲಿ ಬಂದರೆಂದು ಒಂದು ಮನೆಯವರು ಹೇಳಿದರೆ, ತಮ್ಮ ಮುತ್ತಜ್ಜ ಸರದಾರನ ಮಗನೆಂದೂ ಪ್ರೇಮವಿವಾಹಕ್ಕಾಗಿ ಅರಮನೆಯನ್ನು ತೊರೆದು ಬಂದವನೆಂದೂ ಇನ್ನೊಂದು ಮನೆಯವರು ಹೇಳುತ್ತಾರೆ. ಕಥೆ ಸೊಗಸಾಗಿರುತ್ತದೆ. ಆದರೆ ಹಳೆಯ ದಫ್ತರವನ್ನು ತೆರೆದಾಗ ಅಲ್ಲಿ ಸರದಾರನು ಕಾಣಸಿಗುವುದು ತೀರ ಅಪರೂಪ. ರೊಟ್ಟಿ ಸುಡುವವನೋ ನೇಕಾರನೋ ದ್ರಾಕ್ಷಿತೋಟದ ರೈತನೋ ಕಾಣುತ್ತಾನೆ. ಅವನ ಹಿಂದೆ ಅವನ ಹೆಂಡತಿ, ಮಕ್ಕಳು, ನೆರೆಹೊರೆಯವರು ನಿಂತಿರುತ್ತಾರೆ. ಮೂಲಪುರುಷನೊಬ್ಬನನ್ನೇ ಅರಸುವವನಿಗೆ ದಾರಿ ಬೇಗ ತಪ್ಪುತ್ತದೆ. ಈ ಸಣ್ಣ ಜನರ ಹೆಸರುಗಳನ್ನು ಗಮನಿಸುವವನಿಗೆ ಮಾತ್ರ ಅದು ಮುಂದೆ ಸಾಗುತ್ತದೆ.

ಹುಡುಕಾಟಕ್ಕೆ ಉಯಿಲೇ ಒಳ್ಳೆಯ ಆರಂಭ. ಜರ್ಮನರು ಹೆಚ್ಚಾಗಿ ನೆಲೆಸಿದ ಪೆನ್ಸಿಲ್ವೇನಿಯದಲ್ಲಿ ಉಯಿಲುಗಳನ್ನು ಆಯಾ ಕೌಂಟಿಯ, ಎಂದರೆ ಜಿಲ್ಲೆಯ, ಕಚೇರಿಯಲ್ಲಿ ದಾಖಲು ಮಾಡಿಸಿ ನಕಲು ಪುಸ್ತಕದಲ್ಲಿ ಬರೆಯಿಸುತ್ತಿದ್ದರು. ಅಲ್ಲಿನ ಜರ್ಮನ್ ರೈತನ ಉಯಿಲಿಗೆ ಅದರದೇ ಆದ ಒಂದು ಬಗೆಯಿದ್ದಿತು. ವಿಧವೆಯಾಗುವ ಹೆಂಡತಿಗೆ ಮನೆಯಲ್ಲಿ ಇಂಥ ಕೋಣೆ, ವರ್ಷಕ್ಕೆ ಇಷ್ಟು ಅಳತೆಯ ಗೋಧಿ, ಒಲೆಗೆ ಬೇಕಾದಷ್ಟು ಒಡೆದ ಸೌದೆ, ಒಂದು ಹಸುವಿನ ಮೇವು, ಕೈತೋಟದಲ್ಲೊಂದು ಪಾಲು ಎಂದು ಬರೆಯಿಸುತ್ತಿದ್ದರು. ಜಮೀನನ್ನು ಪಡೆಯುವ ಮಗ ಇವನ್ನೆಲ್ಲ ತಾಯಿಗೆ ತಪ್ಪದೆ ಒದಗಿಸಬೇಕು. ಆದರೆ ಆಕೆ ಮತ್ತೆ ಮದುವೆಯಾಗದಿದ್ದರೆ ಮಾತ್ರ ಈ ಹಕ್ಕು ಎಂಬ ಷರತ್ತೂ ಬಹುಮಟ್ಟಿಗೆ ಇರುತ್ತಿದ್ದಿತು. ತಾಯಿ ಮಗನ ಮನೆಯಲ್ಲಿ ಹಂಗಿನ ಅನ್ನ ಉಣ್ಣಬಾರದೆಂದು ಸಾಯುವವನಿಗೆ ಇದ್ದ ಚಿಂತೆ ಈ ಪಟ್ಟಿಯ ಒಂದೊಂದು ಪದದಲ್ಲಿಯೂ ಕಾಣುತ್ತದೆ.

ವಂಶವನ್ನು ಹುಡುಕುವವನಿಗೆ ಇಲ್ಲಿ ಬೇಕಾದದ್ದು ಬಾಂಧವ್ಯ. ಮಗಳ ಹೆಸರು ಗಂಡನ ಹೆಸರಿನೊಡನೆ ಬಂದರೆ ಮತ್ತೊಂದು ಮನೆತನದ ಬಾಗಿಲು ತೆರೆದಂತಾಯಿತು. ಸಾಕ್ಷಿ ಹಾಕಿದವನು ಅನೇಕ ವೇಳೆ ಹೆಂಡತಿಯ ತಮ್ಮನೋ ಊರಿನಿಂದ ಜೊತೆಯಲ್ಲಿ ಬಂದ ನೆರೆಯವನೋ ಆಗಿರುತ್ತಾನೆ. ಆದರೆ ಇಲ್ಲಿಯೇ ಮೋಸಹೋಗುವ ಸಂದರ್ಭಗಳೂ ಹೆಚ್ಚು. ಹಿರಿಯ ಮಗನಿಗೆ ಒಂದೇ ಒಂದು ಷಿಲಿಂಗ್ ಎಂದು ಬರೆದಿದ್ದರೆ ತಂದೆಗೆ ಅವನ ಮೇಲೆ ದ್ವೇಷವಿತ್ತೆಂದು ತಿಳಿಯಬೇಕಾಗಿಲ್ಲ. ಎಷ್ಟೋ ಮಂದಿ ಮಕ್ಕಳು ತಮ್ಮ ಪಾಲನ್ನು ತಂದೆ ಬದುಕಿರುವಾಗಲೇ ಪಡೆದು ಬೇರೆಯಾಗಿರುತ್ತಿದ್ದರು. ಇಂದು ‘ಅಳಿಯ’ ಎಂಬ ಅರ್ಥವಿರುವ ಇಂಗ್ಲಿಷ್ ಪದವನ್ನು ಅಂದು ಮಲಮಗನಿಗೂ ಬಳಸುತ್ತಿದ್ದರು. ‘ನನ್ನ ಈಗಿನ ಹೆಂಡತಿ’ ಎಂಬ ಮಾತು ಕಂಡರಂತೂ ಮಕ್ಕಳೆಲ್ಲರೂ ಆಕೆಯ ಹೊಟ್ಟೆಯಲ್ಲಿ ಹುಟ್ಟಿದವರೆಂದು ಭಾವಿಸುವಂತಿಲ್ಲ. ಉಯಿಲನ್ನೇ ಬರೆಯದೆ ಸತ್ತವನ ಆಸ್ತಿಯ ವ್ಯವಹಾರವು ಅನಾಥರ ನ್ಯಾಯಾಲಯವೆಂಬ ಕಚೇರಿಗೆ ಹೋಗುತ್ತಿದ್ದಿತು. ಆಗಿನ ಕಾನೂನಿನಂತೆ ಅಲ್ಲಿ ವಿಧವೆಗೆ ಮೂರನೆಯ ಒಂದು ಭಾಗವೂ, ಉಳಿದುದರಲ್ಲಿ ಹಿರಿಯ ಮಗನಿಗೆ ಎರಡು ಪಾಲೂ ದೊರೆಯುತ್ತಿದ್ದವು. ಪಾಲುಗಳನ್ನು ಎಣಿಸಿಯೇ ಮಕ್ಕಳೆಷ್ಟು ಮಂದಿಯೆಂದು ತಿಳಿಯಲು ಸಾಧ್ಯವಾಗುವುದುಂಟು.

ಕಾಗದ ಎಲ್ಲಿದೆಯೆಂಬುದೂ ಸಣ್ಣ ಪ್ರಶ್ನೆಯಲ್ಲ. ಒಂದೇ ಹೊಲದಲ್ಲಿ, ಒಂದೇ ಮನೆಯಲ್ಲಿ ಬಾಳಿದ ಕುಟುಂಬದ ದಾಖಲೆಗಳು ಎರಡು ಮೂರು ಪಟ್ಟಣಗಳಲ್ಲಿ ಹರಡಿಕೊಂಡಿರಬಹುದು. ಲಾಂಕಾಸ್ಟರ್ ಕೌಂಟಿಯು 1729ರಲ್ಲಿ ಹುಟ್ಟಿತು. ಬರ್ಕ್ಸ್ ಕೌಂಟಿಯು 1752ರಲ್ಲಿ ಹುಟ್ಟಿತು. ಕುಟುಂಬ ಕದಲಲಿಲ್ಲ, ಜಿಲ್ಲೆಯ ಗಡಿ ಕದಲಿತು. ಇದನ್ನರಿಯದವನು ಅಜ್ಜನ ಉಯಿಲನ್ನು ಮೊಮ್ಮಗನ ಜಿಲ್ಲೆಯಲ್ಲಿ ಹುಡುಕಿ, ಇಲ್ಲವೆಂದು ಕೈಚೆಲ್ಲುತ್ತಾನೆ.

ಹೆಸರುಗಳ ಗೊಂದಲ ಇದಕ್ಕಿಂತ ದೊಡ್ಡದು. ಜರ್ಮನ್ ಮನೆಗಳಲ್ಲಿ ಗಂಡುಮಕ್ಕಳಿಗೆಲ್ಲ ಮೊದಲು ಯೋಹಾನ್ ಎಂದೇ ಹೆಸರಿಡುವುದು ವಾಡಿಕೆಯಾಗಿದ್ದಿತು. ಕರೆಯುವ ಹೆಸರು ಎರಡನೆಯದು. ಹೀಗಾಗಿ ಒಬ್ಬ ತಂದೆಗೆ ಐವರು ಯೋಹಾನರಿದ್ದರೆ ಅದು ಬರೆದವನ ತಪ್ಪಲ್ಲ. ಹೆಂಗಸರ ಮನೆತನದ ಹೆಸರಿನ ಕೊನೆಗೆ ‘ಇನ್’ ಎಂಬ ಪ್ರತ್ಯಯ ಸೇರುತ್ತಿದ್ದಿತು. ಜರ್ಮನ್ ಹೆಸರನ್ನು ಕೇಳಿ ಬರೆದುಕೊಳ್ಳುತ್ತಿದ್ದ ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದರು. ಕೆಲವರು ತಮ್ಮ ಹೆಸರನ್ನು ತಾವೇ ಇಂಗ್ಲಿಷಿಗೆ ತಿರುಗಿಸಿಕೊಂಡರು. ಬಡಗಿಯೆಂಬ ಅರ್ಥದ ತ್ಸಿಮ್ಮರ್‌ಮನ್ ಕಾರ್ಪೆಂಟರ್ ಆದನು. ಮ್ಯುಲ್ಲರ್ ಮಿಲ್ಲರ್ ಆದನು. 1738ರಲ್ಲಿ ಬಂದ ಆಂಡ್ರೆಯಸ್ ಹೂಬರನ ವಂಶದಲ್ಲಿ ಹುಟ್ಟಿದ ಹೂವರ್, 1741ರಲ್ಲಿ ಬಂದ ಹಾನ್ಸ್ ನಿಕೊಲಾಸ್ ಐಸನ್‌ಹೌವರನ ವಂಶದಲ್ಲಿ ಹುಟ್ಟಿದ ಐಸೆನ್‌ಹೋವರ್, ಇವರಿಬ್ಬರೂ ಮುಂದೆ ಅಮೆರಿಕದ ಅಧ್ಯಕ್ಷರಾದರು. ಅವರ ಹೆಸರುಗಳಲ್ಲಿ ಬದಲಾದದ್ದು ಒಂದೆರಡು ಅಕ್ಷರ ಮಾತ್ರ. ಎಲ್ಲರಿಗೂ ಇಷ್ಟು ಸುಲಭವಾಗಿ ದಾರಿ ಸಿಕ್ಕುವುದಿಲ್ಲ.

ಉಯಿಲಿನಿಂದ ಹಿಂದಕ್ಕೆ ಹೋದರೆ ಹಡಗು. ಜರ್ಮನರ ವಲಸೆ ಹೆಚ್ಚುತ್ತಿರುವುದನ್ನು ಕಂಡು ಕಳವಳಗೊಂಡ ಪೆನ್ಸಿಲ್ವೇನಿಯದ ಸರ್ಕಾರವು 1727ರಿಂದ ಹೊಸದೊಂದು ಕಟ್ಟಳೆಯನ್ನು ಜಾರಿಗೆ ತಂದಿತು. ಫಿಲಡೆಲ್ಫಿಯದಲ್ಲಿ ಇಳಿದ ಪರದೇಶದ ಗಂಡಸರೆಲ್ಲರೂ ಇಂಗ್ಲೆಂಡಿನ ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕಾಯಿತು. ಕೆಲವೇ ವರ್ಷಗಳಲ್ಲಿ ಒಂದೊಂದು ಹಡಗಿಗೂ ಮೂರು ಪಟ್ಟಿಗಳು ಸಿದ್ಧವಾಗತೊಡಗಿದವು. ಒಂದು ಕಪ್ತಾನನು ಕೊಟ್ಟದ್ದು, ಉಳಿದೆರಡು ಪ್ರಮಾಣ ಮಾಡಿದವರೇ ಸಹಿ ಹಾಕಿದ್ದು. ಕಪ್ತಾನನ ಪಟ್ಟಿಯಲ್ಲಿ ಹೆಸರು ಅಂದಗೆಟ್ಟಿರಬಹುದು. ಆದರೆ ಸಹಿ ವಲಸೆಗಾರನದೇ. ಅಕ್ಷರ ಬಾರದವನು ಗುರುತು ಹಾಕಿದ್ದಾನೆ. ಮೂವತ್ತು ವರ್ಷಗಳ ಅನಂತರ ಅದೇ ಹೆಸರಿನವನೊಬ್ಬನು ಉಯಿಲಿಗೆ ಹಾಕಿದ ಸಹಿಯನ್ನು ಹಡಗಿನ ಪಟ್ಟಿಯ ಸಹಿಯ ಪಕ್ಕದಲ್ಲಿಟ್ಟು ನೋಡಿದರೆ ಇಬ್ಬರೂ ಒಬ್ಬನೇ ಹೌದೋ ಅಲ್ಲವೋ ಎಂಬುದಕ್ಕೆ ಒಳ್ಳೆಯ ಸುಳಿವು ಸಿಗುತ್ತದೆ. 1934ರಲ್ಲಿ ಸ್ಟ್ರಾಸ್‌ಬರ್ಗರ್ ಮತ್ತು ಹಿಂಕೆ ಎಂಬ ವಿದ್ವಾಂಸರ ಪರಿಶ್ರಮದಿಂದ ಈ ಪಟ್ಟಿಗಳು ಮೂರು ಸಂಪುಟಗಳಲ್ಲಿ ಅಚ್ಚಾದವು. ಸಹಿಗಳ ಪಡಿಯಚ್ಚಿಗೇ ಒಂದು ಸಂಪುಟವನ್ನು ಮೀಸಲಿಟ್ಟರು.

ಆದರೆ ಪ್ರಮಾಣ ಮಾಡಿದವರು ಹದಿನಾರು ತುಂಬಿದ ಗಂಡಸರು ಮಾತ್ರ. ಹೆಂಗಸರೂ ಮಕ್ಕಳೂ ಅದೇ ಹಡಗಿನಲ್ಲಿ ಅದೇ ಅಲೆಗಳ ಹೊಡೆತ ತಿಂದು ಬಂದವರು. ಅವರ ಪೈಕಿ ಬಹುಮಂದಿಯ ಹೆಸರು ಪಟ್ಟಿಯಲ್ಲಿಲ್ಲ. ಅವರನ್ನು ಬೇರೆ ಕಡೆಯಲ್ಲಿ ಹುಡುಕಬೇಕು. ಹೇಗೆ ಹುಡುಕಬೇಕೆಂಬುದಕ್ಕೆ ಈ ಕಟ್ಟಳೆಗಿಂತಲೂ ಮೊದಲೇ ಬಂದ ವೈಸರ್ ಮನೆತನದ ಕಥೆ ಒಳ್ಳೆಯ ನಿದರ್ಶನ.

1708–09ರ ಚಳಿಗಾಲ ಯೂರೋಪಿನಲ್ಲಿ ಭೀಕರವಾಗಿದ್ದಿತು. ದ್ರಾಕ್ಷಿಯ ಬಳ್ಳಿಗಳು ಬೇರುಸಹಿತ ಸತ್ತವು. ಅದಕ್ಕೆ ಮೊದಲೇ ಫ್ರೆಂಚರ ದಾಳಿಗಳಿಂದಲೂ ಕಂದಾಯದ ಭಾರದಿಂದಲೂ ರೈನ್ ಪ್ರಾಂತದ ಜನ ಬಳಲಿದ್ದರು. ಇಂಗ್ಲೆಂಡಿನ ಆ್ಯನ್ ರಾಣಿ ಅಮೆರಿಕದಲ್ಲಿ ನೆಲ ಕೊಡುತ್ತಾಳೆಂಬ ವದಂತಿ ಹಬ್ಬಿತು. ರಾಣಿಯ ಚಿತ್ರವೂ ಚಿನ್ನದ ಬಣ್ಣದ ಅಕ್ಷರಗಳೂ ಇದ್ದ ಒಂದು ಕಿರುಪುಸ್ತಕ ಆ ಆಸೆಗೆ ನೀರೆರೆಯಿತು. 1709ರಲ್ಲಿ ಸುಮಾರು ಹದಿಮೂರು ಸಾವಿರ ಜನ ಲಂಡನ್ನಿಗೆ ಬಂದಿಳಿದರು. ಅವರಲ್ಲಿ ವುರ್ಟೆಂಬರ್ಗ್ ಸೀಮೆಯ ಗ್ರೋಸ್‌ಆಸ್ಪಾಖ್ ಎಂಬ ಹಳ್ಳಿಯ ಯೋಹಾನ್ ಕಾನ್ರಾಡ್ ವೈಸರ್ ಒಬ್ಬನು. ರೊಟ್ಟಿ ಸುಡುವುದು ಅವನ ಕಸುಬು, ಹಿಂದೆ ಸೈನ್ಯದಲ್ಲಿ ಕಾರ್ಪೊರಲ್ ಆಗಿದ್ದವನು. ಅದೇ ವರ್ಷದ ಮೇ ತಿಂಗಳಿನಲ್ಲಿ ಅವನ ಹೆಂಡತಿ ಆನಾ ಮಗ್ದಲೇನ ತೀರಿಕೊಂಡಳು. ಜೂನ್ ಮುಗಿಯುವುದರೊಳಗಾಗಿ ಅವನು ಎಂಟು ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟನು.

ಇದಿಷ್ಟೂ ತಿಳಿದಿರುವುದು ಅವನ ಮಗನಿಂದ. ತಂದೆಯ ಹೆಸರನ್ನೇ ಹೊತ್ತ ಕಾನ್ರಾಡ್ ವೈಸರ್ 1696ರಲ್ಲಿ ಹುಟ್ಟಿದವನು. ಮುಂದೆ ಮೊಹಾಕ್ ಎಂಬ ಆದಿವಾಸಿ ಜನರ ಭಾಷೆಯನ್ನು ಕಲಿತು, ಪೆನ್ಸಿಲ್ವೇನಿಯದ ಸರ್ಕಾರಕ್ಕೂ ಆದಿವಾಸಿಗಳಿಗೂ ನಡುವೆ ದುಭಾಷಿಯಾಗಿ ಪ್ರಖ್ಯಾತನಾದನು. ಅವನು ತನ್ನ ಮನೆಯ ಕಥೆಯನ್ನು ಜರ್ಮನ್ ಭಾಷೆಯಲ್ಲಿ ಬರೆದಿಟ್ಟನು. ಮದುವೆಯಾಗಿ ಇಬ್ಬರು ಮಕ್ಕಳಿದ್ದ ಹಿರಿಯಕ್ಕ ಕತರೀನ ಊರಿನಲ್ಲಿಯೇ ಉಳಿದಳು. ತಂದೆ ಮನೆ, ಹೊಲ, ದ್ರಾಕ್ಷಿತೋಟಗಳನ್ನು ಮಗಳು ಅಳಿಯಂದಿರಿಗೆ ಒಪ್ಪಿಸಿದನು. ಅವರಿಂದ ಕೈಗೆ ಬಂದದ್ದು 75 ಗುಲ್ಡನ್ ಮಾತ್ರ. ಮುಂದೆ ಬರಬೇಕಾಗಿದ್ದ 600 ಗುಲ್ಡನ್ ಎಂದೂ ಬರಲೇ ಇಲ್ಲ. ಹೀಗೆ ಹಿರಿಯ ಮಗಳು ಮನೆಯೊಡನೆ ಹಿಂದೆ ನಿಂತಳು, ತಾಯಿ ಮಣ್ಣಿನಲ್ಲಿ ನಿಂತಳು, ಉಳಿದವರು ಸಮುದ್ರದ ಪಾಲಾದರು.

1710ರ ಬೇಸಗೆಯಲ್ಲಿ ಹಡಗುಗಳು ನ್ಯೂಯಾರ್ಕನ್ನು ಮುಟ್ಟಿದವು. ಹತ್ತು ಹಡಗುಗಳಲ್ಲಿ ನಾಲ್ಕು ಸಾವಿರ ಜನ ಬಂದರೆಂದು ಕಾನ್ರಾಡ್ ಬರೆಯುತ್ತಾನೆ. ಇತಿಹಾಸಕಾರರು ದಾಖಲೆಗಳಿಂದ ಕಂಡುಕೊಂಡ ಸಂಖ್ಯೆ ಮೂರು ಸಾವಿರದ ಆಸುಪಾಸು. ಕಣ್ಣಾರೆ ಕಂಡವನ ನೆನಪಿನಲ್ಲಿಯೂ ಲೆಕ್ಕ ಬೆಳೆಯುತ್ತದೆ. ದಾರಿಯಲ್ಲಿಯೇ ನೂರಾರು ಮಂದಿ ರೋಗದಿಂದ ಸತ್ತಿದ್ದರು. ಬದುಕಿ ಬಂದವರನ್ನು ಹಡ್ಸನ್ ನದಿಯ ದಡಕ್ಕೆ ಕಳುಹಿಸಿ, ಪೈನ್ ಮರಗಳಿಂದ ಇಂಗ್ಲೆಂಡಿನ ನೌಕಾಪಡೆಗೆ ಡಾಂಬರು ತೆಗೆಯುವ ಕೆಲಸಕ್ಕೆ ಹಚ್ಚಿದರು. ಪ್ರಯಾಣದ ವೆಚ್ಚವನ್ನೂ ಊಟದ ವೆಚ್ಚವನ್ನೂ ಹೀಗೆ ದುಡಿದು ತೀರಿಸಬೇಕೆಂಬುದು ಸರ್ಕಾರದ ಕರಾರು. ಅದಕ್ಕಾಗಿ ಗವರ್ನರ್ ಹಂಟರನು ಕುಟುಂಬ ಕುಟುಂಬಕ್ಕೆ ಲೆಕ್ಕವಿಡಿಸಿದನು. ಯಜಮಾನನ ಹೆಸರು, ಹತ್ತು ವರ್ಷ ಮೀರಿದವರೆಷ್ಟು, ಮೀರದವರೆಷ್ಟು, ಕೊಟ್ಟ ರೇಷನ್ನಿನ ಬೆಲೆಯೆಷ್ಟು ಎಂಬಿವು ಅದರಲ್ಲಿವೆ.

ಈ ಲೆಕ್ಕದ ಪುಸ್ತಕ ಇಂದು ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಮೇಲುನೋಟಕ್ಕೆ ಒಣ ಅಂಕಿಗಳು. ಆದರೆ ಮನೆಯೊಂದರಲ್ಲಿ ಹತ್ತರೊಳಗಿನ ಮಕ್ಕಳ ಸಂಖ್ಯೆ ಕಡಿಮೆಯಾದರೆ ಒಂದು ಮಗು ಹತ್ತು ದಾಟಿತೋ, ಬೇರೆ ಮನೆ ಸೇರಿತೋ, ಸತ್ತಿತೋ ಎಂಬ ಪ್ರಶ್ನೆ ಏಳುತ್ತದೆ. ವೈಸರ್ ಮನೆಯಲ್ಲಿ ಅದಕ್ಕೆ ಉತ್ತರ ಉಂಟು. ಕಿರಿಯ ಹುಡುಗ ಯೋಹಾನ್ ಫ್ರೀಡ್ರಿಖ್ ಆರರ ಎಳೆವಯಸ್ಸಿನಲ್ಲಿ ಆ ಕಾಡಿನಲ್ಲಿಯೇ ತೀರಿಕೊಂಡನು. ಗೇಯೊರ್ಗ್ ಫ್ರೀಡ್ರಿಖ್, ಕ್ರಿಸ್ಟಫ್ ಫ್ರೀಡ್ರಿಖ್ ಎಂಬ ಇಬ್ಬರು ಹುಡುಗರನ್ನು ಗವರ್ನರನು ಲಾಂಗ್ ಐಲೆಂಡಿನವರ ಮನೆಗಳಿಗೆ ಜೀತದ ಕರಾರಿನ ಮೇಲೆ ಒಪ್ಪಿಸಿಬಿಟ್ಟನು. ಇಂಥ ಮಕ್ಕಳ ಬೇರೊಂದು ಪಟ್ಟಿಯೇ ಇದೆ. ಮಗುವಿನ ಹೆಸರು, ವಯಸ್ಸು, ತಂದೆತಾಯಿ, ಯಾವ ಊರಿನ ಯಾರಿಗೆ ಒಪ್ಪಿಸಿದ್ದು ಎಂಬುದೆಲ್ಲ ಅದರಲ್ಲಿ ಸಾಲುಸಾಲಾಗಿದೆ. ತಂದೆಯ ಹೆಸರಿನಡಿಯಲ್ಲಿ ಮಾತ್ರ ಹುಡುಕುವವನಿಗೆ ಈ ಹುಡುಗರು ಎಂದೆಂದಿಗೂ ಕಾಣುವುದಿಲ್ಲ.

ಆ ಕಾಲದಲ್ಲಿಯೇ ಹೀಗೆ ಒಪ್ಪಿಸಲ್ಪಟ್ಟವನು ಜಾನ್ ಪೀಟರ್ ಜೆಂಗರ್. ತಂದೆ ಸಮುದ್ರಪ್ರಯಾಣದಲ್ಲಿ ತೀರಿಕೊಂಡನು. ವಿಧವೆ ತಾಯಿ ಹದಿಮೂರರ ಹುಡುಗನನ್ನು 1710ರಲ್ಲಿ ವಿಲಿಯಂ ಬ್ರಾಡ್‌ಫರ್ಡ್ ಎಂಬ ಮುದ್ರಕನ ಬಳಿ ಎಂಟು ವರ್ಷಗಳ ಕರಾರಿಗೆ ಬಿಟ್ಟಳು. ಅದೇ ಹುಡುಗ ಮುಂದೆ ಪತ್ರಿಕೆ ನಡೆಸಿ, ಗವರ್ನರನನ್ನು ಟೀಕಿಸಿ ಸೆರೆಮನೆ ಕಂಡು, 1735ರ ವಿಚಾರಣೆಯಲ್ಲಿ ಬಿಡುಗಡೆ ಹೊಂದಿ, ಪತ್ರಿಕಾಸ್ವಾತಂತ್ರ್ಯದ ಇತಿಹಾಸದಲ್ಲಿ ಹೆಸರಾದನು. ಪಟ್ಟಿಯಲ್ಲಿ ಅವನೂ ಎಲ್ಲರಂತೆ ಒಂದು ಸಾಲು.

ವೈಸರ್ ಮನೆಯಲ್ಲಿ ಚದುರುವಿಕೆ ಅಲ್ಲಿಗೇ ನಿಲ್ಲಲಿಲ್ಲ. 1711ರಲ್ಲಿ ತಂದೆ ಮರುಮದುವೆಯಾದನು. ಆ ಮದುವೆಯಿಂದಲೇ ಮನೆಮಕ್ಕಳು ದಿಕ್ಕುಪಾಲಾದರೆಂದು ಕಾನ್ರಾಡ್ ನೊಂದು ಬರೆದಿದ್ದಾನೆ. ಅವನನ್ನೂ ಹದಿನಾರರ ವಯಸ್ಸಿನಲ್ಲಿ ಮೊಹಾಕ್ ಜನರ ನಡುವೆ ಬಿಟ್ಟರು. ಚಳಿಯಲ್ಲಿ, ಹಸಿವಿನಲ್ಲಿ ಅವನು ಕಲಿತ ಭಾಷೆಯೇ ಮುಂದೆ ಅವನ ಬದುಕಾಯಿತು. ಮಲತಾಯಿಗೆ ಹುಟ್ಟಿದ ಮಗನೊಬ್ಬನಿಗೆ ಮತ್ತೆ ಯೋಹಾನ್ ಫ್ರೀಡ್ರಿಖ್ ಎಂದೇ ಹೆಸರಿಟ್ಟರು. ಸತ್ತ ಮಗುವಿನ ಹೆಸರನ್ನು ಅನಂತರ ಹುಟ್ಟಿದ ಮಗುವಿಗೆ ಇಡುವುದು ಅಂದಿನ ರೂಢಿ. ಇದನ್ನು ಗಮನಿಸದ ಸಂಶೋಧಕನು ಕಾಡಿನಲ್ಲಿ ಮಣ್ಣಾದ ಕೂಸಿಗೆ ಮದುವೆ ಮಾಡಿಸಿ ಮೊಮ್ಮಕ್ಕಳನ್ನೂ ಕಾಣಿಸಿಬಿಡುತ್ತಾನೆ!

ಇನ್ನು ಸಮುದ್ರದಾಚೆಯ ಮೂಲ. ಅಮೆರಿಕದಲ್ಲಿ ಈ ಜನರನ್ನೆಲ್ಲ ‘ಪ್ಯಾಲಟೈನರು’ ಎಂದು ಒಟ್ಟಾಗಿ ಕರೆದರು. ಆದರೆ ವೈಸರನು ಪ್ಯಾಲಟಿನೇಟಿನವನಲ್ಲ, ವುರ್ಟೆಂಬರ್ಗಿನವನು. ಹಳ್ಳಿಯ ಹೆಸರು ದೊರೆತರೆ ಅಲ್ಲಿನ ಚರ್ಚಿನ ಪುಸ್ತಕದಲ್ಲಿ ದೀಕ್ಷಾಸ್ನಾನ, ಮದುವೆ, ಮರಣಗಳ ದಾಖಲೆಯನ್ನು ನೋಡಬಹುದು. ಶಿಶುವಿಗೆ ಸಾಕ್ಷಿಯಾಗಿ ನಿಂತವರ ಹೆಸರೂ ಅಲ್ಲಿರುತ್ತದೆ. ಕೆಲವೆಡೆ ಪಾದ್ರಿಯು ಅಂಚಿನಲ್ಲಿ, ಈ ಕುಟುಂಬ ಹೊಸ ದೇಶಕ್ಕೆ ಹೋಯಿತೆಂದು ಬರೆದಿರುವುದುಂಟು. ಹುಟ್ಟಾ ಒಡೆಯನ ಆಳಾಗಿದ್ದವನು ಊರು ಬಿಡಬೇಕಾದರೆ ಹಣ ತೆತ್ತು ಬಿಡುಗಡೆಯ ಪತ್ರ ಪಡೆಯಬೇಕಾಗಿದ್ದಿತು. ಆ ತೆರಿಗೆಯ ಲೆಕ್ಕವೂ ಒಂದು ಸಾಕ್ಷಿ. 1689ರಲ್ಲಿ ಫ್ರೆಂಚ್ ಸೈನ್ಯ ಪ್ಯಾಲಟಿನೇಟಿನ ಊರುಗಳನ್ನು ಸುಟ್ಟಾಗ ಎಷ್ಟೋ ದಾಖಲೆಗಳು ಬೂದಿಯಾದವು. ಅಲ್ಲಿ ಹುಡುಕಾಟ ಅಲ್ಲಿಗೇ ಮುಗಿಯುತ್ತದೆ.

ತಾರೀಖುಗಳಲ್ಲಿಯೂ ಎಚ್ಚರ ಬೇಕು. ಜರ್ಮನಿಯ ಪ್ರಾಟೆಸ್ಟಂಟ್ ಸಂಸ್ಥಾನಗಳು 1700ರಲ್ಲಿ ಹೊಸ ಪಂಚಾಂಗವನ್ನು ಸ್ವೀಕರಿಸಿದವು. ಇಂಗ್ಲೆಂಡೂ ಅದರ ವಸಾಹತುಗಳೂ ಸ್ವೀಕರಿಸಿದ್ದು 1752ರಲ್ಲಿ. ಅಲ್ಲಿಯ ತನಕ ಇಂಗ್ಲಿಷರ ಹೊಸ ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿದ್ದಿತು. ಫಿಲಡೆಲ್ಫಿಯದ ಕಚೇರಿ 1740ರ ಫೆಬ್ರವರಿಯೆಂದು ಬರೆದದ್ದು ಜರ್ಮನಿಯ ಹಳ್ಳಿಯಲ್ಲಿ 1741ರ ಫೆಬ್ರವರಿ. ತಂದೆ ಸತ್ತ ಮೇಲೆ ಮಗ ಉಯಿಲಿಗೆ ಸಾಕ್ಷಿ ಹಾಕಿದಂಥ ವಿಚಿತ್ರಗಳಿಗೆ ಕೆಲವೊಮ್ಮೆ ಕಾರಣ ಇಷ್ಟೇ.

ಹಳ್ಳಿಯ ಹೆಸರೇ ತಿಳಿಯದಾಗ ಏನು ಮಾಡಬೇಕು? ಚಲನಚಿತ್ರ ನಟನಾಗಿದ್ದು ಅನಂತರ ವಂಶಶೋಧಕನಾದ ಹೆನ್ರಿ ಜೋನ್ಸ್ ಇದಕ್ಕೆ ದಾರಿ ತೋರಿಸಿದನು. ಹಂಟರನ ಲೆಕ್ಕದಲ್ಲಿ ಒಬ್ಬರ ಪಕ್ಕದಲ್ಲೊಬ್ಬರು ಇರುವವರು, ಮಗುವಿನ ದೀಕ್ಷಾಸ್ನಾನಕ್ಕೆ ಒಬ್ಬರಿಗೊಬ್ಬರು ನಿಂತವರು ಅನೇಕ ವೇಳೆ ಜರ್ಮನಿಯಲ್ಲಿಯೂ ಅಕ್ಕಪಕ್ಕದ ಹಳ್ಳಿಯವರೇ ಆಗಿದ್ದರು. ಒಬ್ಬನ ಊರು ಸಿಕ್ಕಿದರೆ ಅದರ ಸುತ್ತಣ ಊರುಗಳ ಚರ್ಚಿನ ಪುಸ್ತಕಗಳನ್ನೆಲ್ಲ ತೆಗೆಸಿ ನೋಡಿಸುವುದು ಅವನ ಕ್ರಮ. 1985ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ 1710ರಲ್ಲಿ ಬಂದ 847 ಕುಟುಂಬಗಳ ವಿಷಯವಿದೆ. ನಂಟನನ್ನು ಕಾಣಲು ನೆರೆಯವನನ್ನು ಕೇಳು ಎಂಬ ಹಳ್ಳಿಯ ವಿವೇಕವೇ ಇಲ್ಲಿ ಶಾಸ್ತ್ರವಾಯಿತು.

ಇದಕ್ಕೆ ತದ್ವಿರುದ್ಧನಾದವನು ಗುಸ್ತಾವ್ ಆಂಜು. ಸ್ವೀಡನ್ನಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿ 1942ರಲ್ಲಿ ತೀರಿಕೊಂಡ ಇವನು ಹಣವಂತರಿಗೆ ವಂಶಾವಳಿಗಳನ್ನು ಮಾರುತ್ತಿದ್ದನು. ನಿಜವಾದ ಹತ್ತು ದಾಖಲೆಗಳ ನಡುವೆ ತಾನೇ ಕಟ್ಟಿದ ಒಂದು ಉಯಿಲನ್ನೋ ಚರ್ಚಿನ ಬರೆಹವನ್ನೋ ಸೇರಿಸಿ, ಗಿರಾಕಿಯ ಅಜ್ಜನನ್ನು ಯಾವುದೋ ದೊಡ್ಡ ಮನೆತನಕ್ಕೆ ಅಂಟಿಸುವುದು ಅವನ ಕೈಚಳಕ. ಕೊಂಡವರು ಸಂತೋಷಪಟ್ಟರು. ಮೊಮ್ಮಕ್ಕಳು ಅದನ್ನೇ ಪುಸ್ತಕದಿಂದ ಪುಸ್ತಕಕ್ಕೆ ನಕಲು ಮಾಡಿದರು. ಹೀಗೆ ದೊರೆತ ಸರದಾರನೊಬ್ಬನಿಗಾಗಿ ತಮ್ಮ ನಿಜವಾದ ಅಜ್ಜ ಅಜ್ಜಿಯರನ್ನು ಕಳೆದುಕೊಂಡ ಮನೆಗಳು ಅನೇಕ.

ಇಂದು ಕೆಲಸ ಸುಲಭವಾಗಿದೆ. ಅಮೆರಿಕದ ಉಯಿಲಿನ ಪುಸ್ತಕಗಳ ಚಿತ್ರಗಳನ್ನು ಮನೆಯಲ್ಲಿ ಕುಳಿತೇ ನೋಡಬಹುದು. 2015ರಿಂದ ಜರ್ಮನಿಯ ಪ್ರಾಟೆಸ್ಟಂಟ್ ಚರ್ಚುಗಳ ಪುಸ್ತಕಗಳೂ ಆರ್ಕಿಯೋನ್ ಎಂಬ ಸಂಗ್ರಹದ ಮೂಲಕ ಅಂತರ್ಜಾಲದಲ್ಲಿ ದೊರೆಯತೊಡಗಿವೆ. ಆದರೆ ಹೆಸರು ಹೊಂದಿದ ಮಾತ್ರಕ್ಕೆ ಮನುಷ್ಯ ಹೊಂದುವುದಿಲ್ಲ ಎಂಬ ಹಳೆಯ ನಿಯಮ ಬದಲಾಗಿಲ್ಲ. ಒಂದು ಕಾಗದ ಒಂದು ಸಾಕ್ಷಿ ಮಾತ್ರ. ಅದರೊಡನೆ ಸಂಬಂಧವಿಲ್ಲದ ಮತ್ತೊಂದು ಕಾಗದ ಅದೇ ಮಾತನ್ನು ಹೇಳಿದಾಗಲೇ ನಂಬಿಕೆಗೆ ನೆಲೆ.

1746ರಲ್ಲಿ ಮುದುಕ ವೈಸರನು ಪೆನ್ಸಿಲ್ವೇನಿಯಕ್ಕೆ ಬಂದು, ಮಗ ಕಾನ್ರಾಡನ ಮನೆಯಲ್ಲಿ, ಮಕ್ಕಳು ಮೊಮ್ಮಕ್ಕಳ ನಡುವೆ ಕಣ್ಣು ಮುಚ್ಚಿದನು. ಕಾನ್ರಾಡನು ತೀರಿಕೊಂಡದ್ದು 1760ರಲ್ಲಿ. ಅವನ ಮಗಳು ಆನಾ ಮರೀಯ 1745ರಲ್ಲಿ ಹೈನ್ರಿಖ್ ಮೆಲ್ಖಿಯೋರ್ ಮ್ಯೂಲೆನ್‌ಬರ್ಗ್ ಎಂಬ ಪಾದ್ರಿಯನ್ನು ಮದುವೆಯಾಗಿದ್ದಳು. ಅವರ ಮಗ ಫ್ರೆಡರಿಕ್ 1789ರಲ್ಲಿ ಅಮೆರಿಕದ ಪ್ರತಿನಿಧಿಸಭೆಗೆ ಮೊತ್ತಮೊದಲ ಸಭಾಪತಿಯಾದನು. ರೊಟ್ಟಿ ಸುಡುವವನ ಮನೆಯಿಂದ ಸಭಾಪತಿಯ ಪೀಠಕ್ಕೆ ಎಂಬತ್ತು ವರ್ಷಗಳ ದಾರಿ.

ಆ ದಾರಿಯ ಮೊದಲ ಮೆಟ್ಟಿಲನ್ನು ಇಂದಿಗೂ ತೋರಿಸುತ್ತಿರುವುದು ಸಾಲ ವಸೂಲಿಗೆಂದು ಬರೆದ ಆ ರೇಷನ್ನಿನ ಪುಸ್ತಕ. ಡಾಂಬರಿನ ಯೋಜನೆ ಮುರಿದುಬಿದ್ದಿತು. ಸರ್ಕಾರಕ್ಕೆ ಆ ಸಾಲ ಮರಳಿ ಬರಲಿಲ್ಲ. ಲೆಕ್ಕ ಬರೆದ ಗುಮಾಸ್ತನ ಶ್ರಮ ಅಂದು ವ್ಯರ್ಥವೆಂದೇ ಎನಿಸಿರಬೇಕು. ಆದರೆ ಉಯಿಲು ಬರೆಯಲು ಏನೂ ಇಲ್ಲದಿದ್ದವರ ಹೆಸರುಗಳು ಅವನ ಕೈಬರೆಹದಲ್ಲಿ ಉಳಿದುಕೊಂಡವು.